ಬಲಗಡೆಯ ಬೆಸುಗೆ

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ವಿಠ್ಠಲಾಚಾರ್ ಎಂದು ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ಚೆಸ್ಸಿ ಆಚಾರ್ರು ಎಂದರೆ ಬೀದಿಯ ನಾಯಿಯೂ ಎದ್ದು ಮುಂದೆ ನಡೆಯುತ್ತದೆ. ಗುಮಾಸ್ತಿಕೆಯಿಂದ ನಿವೃತ್ತರಾದ ಈ ಅರವತ್ತೊಂದರ ಮನುಷ್ಯನಿಗೆ ಮನುಷ್ಯರ ಜಾತಕ ನೋಡಲು ಬಾರದು. ಹಳೆಯ ಮೋಟಾರ್ ಸೈಕಲ್ಲುಗಳದ್ದು ಮಾತ್ರ ಬೆರಳ ತುದಿಯಲ್ಲಿದೆ. ಎಂಜಿನ್ನು ಈ ಚೆಸ್ಸಿಯ, ಅಂದರೆ ಬೈಕಿನ ಕಬ್ಬಿಣದ ಚೌಕಟ್ಟಿನ, ಜೊತೆಗೇ ಬಂದದ್ದೋ, ನಡುವೆ ಎರಡನೆಯ ಸಂಬಂಧದ ಉಡಿಕೆಯಾಗಿ ಸೇರಿಕೊಂಡದ್ದೋ ಹೇಳಿಬಿಡುತ್ತಾರೆ. ಚೆಸ್ಸಿಗೆ ಹೊಡೆದ ನಂಬರಿನ ಮೇಲೆ ತೆಳುಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಆಮೇಲೆ ಕಣ್ಣು ಮುಚ್ಚಿ ಉಗುರಾಡಿಸುತ್ತಾರೆ. "ನಂಬರ್ ಅಂತ ಹೆಸರಿಟ್ಟಾರಂತ ನಂಬಬಾರ್ದರೀ" ಎಂಬುದು ಅವರ ಮೂವತ್ತು ವರ್ಷದ ಹಳಸಲು ಜೋಕು. ನಗದಿದ್ದರೆ ಮತ್ತೊಮ್ಮೆ ಹೇಳುತ್ತಾರೆ.

ಅವರ ನಡುಮನೆಯಲ್ಲಿಯೂ ಒಂದು ಬೈಕು ನಿಂತಿತ್ತು. ಅಣ್ಣ ಸುಶಮೀಂದ್ರ ಮದ್ರಾಸಿನ ಹರಾಜಿನಲ್ಲಿ ಹಿಡಿದು ತಂದ ವಿಲಾಯತಿ ಟ್ರಯಲ್ಸ್ ಬೈಕು. ಟ್ರಯಲ್ಸ್ ಎಂದರೆ ಓಟದ ಪಂದ್ಯವಲ್ಲ. ಆಮೆಯ ನಡಿಗೆಯಲ್ಲಿ ಬಂಡೆ ಹತ್ತಿ ಇಳಿಯಬೇಕು, ಕಾಲು ನೆಲಕ್ಕೆ ತಾಕಿದರೆ ಅಂಕ ಹೋಯಿತು. ಸವಾರ ನಿಂತೇ ಇರುತ್ತಾನೆ. ಅವನ ಇಡೀ ಮೈಭಾರ ಎರಡು ಫುಟ್‌ರೆಸ್ಟಿನ ಮೇಲೆ.

ಆ ಫುಟ್‌ರೆಸ್ಟುಗಳನ್ನು ಎರಡಿಂಚು ಹಿಂದಕ್ಕೆ ಸರಿಸಬೇಕು ಎಂದು ಅಣ್ಣ ಹೇಳಿದ್ದು ಎಂಬತ್ತೊಂದರ ಬೇಸಿಗೆಯಲ್ಲಿ. ಹದಿನೇಳರ ವಿಠ್ಠಲ ಆಗ ಕೌಲ್ ಬಜಾರಿನ ಹುಲುಗಪ್ಪ ಮೇಸ್ತ್ರಿಯ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ. ಎಡಗಡೆಯದನ್ನು ಬೆಸೆದು ಮೇಸ್ತ್ರಿ ಊಟಕ್ಕೆ ಹೋದ. ಅವನು ಬರುವಷ್ಟರಲ್ಲಿ ಬಲಗಡೆಯದನ್ನು ವಿಠ್ಠಲ ತಾನೇ ಬೆಸೆದಿಟ್ಟಿದ್ದ. ಮರುದಿನ ಕುರುಗೋಡಿನ ಬಂಡೆಯ ಮೇಲಿಂದ ಸುಶಮೀಂದ್ರ ಬಲಕ್ಕೆ ಉರುಳಿದ. ಬತ್ತದ ಲಾರಿಯಲ್ಲಿ ಹಾಕಿಕೊಂಡು ಬಳ್ಳಾರಿಗೆ ತರುವಾಗ ದಾರಿಯಲ್ಲೇ ಜೀವ ಹೋಯಿತು.

ಆಮೇಲೆ ವಿಠ್ಠಲ ಎರಡು ತುತ್ತಿಗೇ ಎಲೆ ಬಿಟ್ಟು ಏಳುತ್ತಿದ್ದ. ಬೆಸುಗೆ ಬಿಟ್ಟಿತೇ ಎಂದು ಕೇಳುವ ಧೈರ್ಯವೂ ಅವನಿಗಿರಲಿಲ್ಲ. ಎರಡು ತಿಂಗಳ ಮೇಲೆ ಹುಲುಗಪ್ಪ ಬೈಕು ರಿಪೇರಿ ಮಾಡಿ ತಂದು ನಿಲ್ಲಿಸಿದ.

"ನೋಡಪಾ ಸಣ್ಣ ಆಚಾರಿ, ನಿನ್ನ ಬೆಸುಗಿ ಹಂಗೇ ಐತಿ. ಕಲ್ಲು ಜಾರೈತಿ, ಅಷ್ಟ."

ಹೌದು, ಹಾಗೇ ಇತ್ತು. ಕಾಗೆ ಕಾಲಿನಂಥ ಅಂಕುಡೊಂಕು ಬೆಸುಗೆ. ಅಂದು ಮಧ್ಯಾಹ್ನ ವಿಠ್ಠಲ ಉಂಡ. ನಲವತ್ತನಾಲ್ಕು ವರ್ಷ ಆ ಕೊಳಕು ಬೆಸುಗೆಯೇ ಅವರ ಪರ ಸಾಕ್ಷಿ ಹೇಳುತ್ತ ನಡುಮನೆಯಲ್ಲಿ ನಿಂತಿತ್ತು. ಎಂಜಿನ್ ನಂಬರು ದಾಖಲೆಗೆ ತಾಳೆಯಾಗಿತ್ತು. ಚೆಸ್ಸಿ ನಂಬರನ್ನು ಮಾತ್ರ ಅವರು ದಾಖಲೆಯಲ್ಲಿ ಓದಿದ್ದರೇ ಹೊರತು ಬೈಕಿನ ಮೇಲೆ ನೋಡಿರಲಿಲ್ಲ. ತಾಯಿ ಸರಸ್ವತಿಬಾಯಿ ಪ್ರತಿ ಆಯುಧಪೂಜೆಗೆ ಆ ನಂಬರಿನ ಜಾಗಕ್ಕೇ ಪ್ರಾಣದೇವರು ಹನುಮಂತನ ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ ಮೆತ್ತುತ್ತಿದ್ದರು. ದೇವರದನ್ನು ಕೆರೆಯಬಾರದು ಎಂದು ಕಟ್ಟಪ್ಪಣೆ. "ಊರ ಮಂದಿ ಬೈಕೆಲ್ಲಾ ಕೆರೀತೀರಿ, ಮನಿ ಬೈಕಿಗೆ ಮಡಿ ಏನ್ರೀ?" ಎಂದು ಗೆಳೆಯರು ಚುಡಾಯಿಸಿದರೆ ಆಚಾರ್ರು ನಗುತ್ತಿದ್ದರು.

ಹೋದ ಶ್ರಾವಣದಲ್ಲಿ ಸಿರುಗುಪ್ಪದ ಕಡೆಯಿಂದ ಅಮರೇಶ್ ಬಂದ. ತೀರಿಹೋದ ಹುಲುಗಪ್ಪನ ಅಕ್ಕನ ಮಗ. ಗೂಡ್ಸ್ ಆಟೋದಲ್ಲಿ ತುಕ್ಕು ಹಿಡಿದ ಬರೀ ಚೆಸ್ಸಿ.

"ನಮ್ಮೂರು ಹಚ್ಚೊಳ್ಳ್ಯಾಗ ನಮ್ಮ ಎಮ್ಮಿ ಕೊಟಿಗಿಗೆ ಇದೇ ಗೇಟು ನೋಡ್ರಿ ಆಚಾರ್ರೇ. ಮಾಮ ತಂದು ಒಗದಿದ್ದ. ಪುಣೇದವ್ರು ಒಬ್ರು ಕೇಳಾಕತ್ತಾರ. ಒರಿಜಿನಲ್ ಅಂತ ನೀವು ಬರದುಕೊಟ್ರ ಸಾಕಂತ."

"ಎಮ್ಮಿ ಏನಂತೋ?"

"ಎಮ್ಮಿ ಒರಿಜಿನಲ್ ಐತ್ರಿ. ಇದನ್ನ ನೀವ ಹೇಳಬೇಕು."

ಆಚಾರ್ರು ನಗುತ್ತಲೇ ನಂಬರಿನ ಮೇಲಿನ ಸಗಣಿ ಒರೆಸಿದರು. ನಗು ಅಲ್ಲಿಗೆ ನಿಂತಿತು. ಗೋತ್ರದಂತೆ ಬಾಯಿಪಾಠವಾದ ನಂಬರದು, ಅಣ್ಣನ ಬೈಕಿನದು.

"ಇದು ಡುಪ್ಲಿಕೇಟ್" ಎಂದುಬಿಟ್ಟರು.

ಉಗುರು ಮುಟ್ಟಿಸದೆ ತೀರ್ಪು ಕೊಟ್ಟದ್ದು ಅದೇ ಮೊದಲು. ಅಮರೇಶನ ಮುಖ ಸಪ್ಪಗಾಯಿತು. "ಮುಟ್ಟಿ ನೋಡ್ರಲ್ಲಾ ಒಂದ್ಸಲ."

ಮುಟ್ಟಿದರು. ಹೊಸದಾಗಿ ಹೊಡೆದ ನಂಬರಾದರೆ ಸುತ್ತ ಅರದಿಂದ ಉಜ್ಜಿ ಚೆಸ್ಸಿಯ ಕೊಳವೆ ತೆಳುವಾಗಿರುತ್ತದೆ, ಅಂಚು ಉಗುರಿಗೆ ಕಚ್ಚುತ್ತದೆ. ಇಲ್ಲಿ ಕೊಳವೆಯ ದಪ್ಪ ಕುಗ್ಗಿರಲಿಲ್ಲ, ಅಂಚು ಸವೆದಿತ್ತು, ಅಂಕಿಯ ಒಳಗಿನ ತುಕ್ಕೂ ಹೊರಗಿನ ತುಕ್ಕೂ ಒಂದೇ ವಯಸ್ಸಿನವು. ಚೆಸ್ಸಿಯನ್ನು ಮೆಲ್ಲಗೆ ಹೊರಳಿಸಿದರು. ಎಡಗಡೆ ಫುಟ್‌ರೆಸ್ಟು ಕದಲದೆ ಕೂತಿತ್ತು. ಬಲಗಡೆ ಇರಲೇ ಇಲ್ಲ. ಕಿತ್ತುಹೋದ ಜಾಗದಲ್ಲಿ ಬೆಸುಗೆಯ ಅರ್ಧ ಉಳಿದಿತ್ತು. ಅದು ಕಬ್ಬಿಣದ ಒಳಕ್ಕೆ ಇಳಿದಿರಲೇ ಇಲ್ಲ. ಸಜ್ಜೆ ರೊಟ್ಟಿಯ ಮೇಲಿನ ಎಳ್ಳಿನಂತೆ ಬರೀ ಮೇಲೆ ಅಂಟಿಕೊಂಡಿತ್ತು.

ಅಮರೇಶನಿಗೆ ಏನೂ ಹೇಳದೆ ಒಳಗೆ ಹೋಗಿ, ಸ್ಕ್ರೂಡ್ರೈವರ್ ಹಿಡಿದು ನಡುಮನೆಯ ಬೈಕಿನ ಮುಂದೆ ಕೂತರು. ಮಂಚದ ಮೇಲಿಂದ ಎಂಬತ್ತಾರರ ಸರಸ್ವತಿಬಾಯಿ ಎದ್ದು ಕೂತರು.

"ಕೆರೀಬ್ಯಾಡೋ ವಿಠ್ಠಲಾ."

ಸಿಂಧೂರ ಪದರ ಪದರವಾಗಿ ಉದುರಿತು. ಕೆಳಗೆ ಬೇರೆಯೇ ನಂಬರಿತ್ತು.

"ನಿನಗ ಗೊತ್ತಿತ್ತೇನಮ್ಮಾ?"

ಮುದುಕಿ ಮಂಚದಿಂದ ಕಾಲು ಇಳಿಬಿಟ್ಟರು. "ಎಂಜಿನ್ನು ಅವನದೇ ಅದ. ಚೆಸ್ಸಿ ಒಂದು ಬ್ಯಾರೆ. ನಿಮ್ಮಪ್ಪ, ಹುಲುಗಪ್ಪ ಮದ್ರಾಸಿಗೆ ಹೋಗಿ ಅಂಥಾದ್ದೇ ಹುಡುಕಿ ತಂದ್ರು. ನಿನ್ನ ಬೆಸುಗಿ ಹಂಗ ಮಾಡ್ಲಿಕ್ಕೆ ಹುಲುಗಪ್ಪ ಮೂರು ಸಲ ಕೆಡಿಸಿ ಬೆಸದ. 'ಬಾಯಾರ, ಇಷ್ಟು ಕೆಟ್ಟದಾಗಿ ಮಾಡಾಕ ಕೈ ಒಲ್ಲೆ ಅಂತೈತಿ' ಅಂತ ಅತ್ತ."

"ಸಿಂಧೂರ?"

"ನನಗ ಬೆಸೀಲಿಕ್ಕೆ ಬರತಿದ್ದಿಲ್ಲಲ್ಲೋ." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ನೀ ಉಣ್ಣೂದು ಬಿಟ್ಟಿದ್ದಿ. ನೀನೂ ಹೋಗ್ತೀ ಅನಿಸಿತ್ತು."

ಹೊರಗೆ ಅಮರೇಶ್ ಕೆಮ್ಮಿದ. ಡುಪ್ಲಿಕೇಟ್ ಎಂದು ಹೇಳಿಯಾಗಿತ್ತು. ಹಾಗೇ ಬಿಟ್ಟರೆ ಚೆಸ್ಸಿ ಎಮ್ಮೆಯ ಕಾವಲಿಗೆ ವಾಪಸು ಹೋಗುತ್ತಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆಚಾರ್ರು ಕೈ ತೊಳೆದು ಬಂದು ಪೆನ್ಸಿಲ್ ಅಚ್ಚು ತೆಗೆದರು. ಅದರ ಕೆಳಗೆ ಬರೆದರು: ನಂಬರು ಅಸಲು. ಚೆಸ್ಸಿ ಅಸಲು. ಎಡ ಫುಟ್‌ರೆಸ್ಟಿನ ಬೆಸುಗೆ ಹುಲುಗಪ್ಪ ಮೇಸ್ತ್ರಿಯದು, ಗಟ್ಟಿಯಿದೆ. ಬಲಗಡೆಯ ಬೆಸುಗೆ ಕೆಳಗೆ ಸಹಿ ಮಾಡಿದವನದು. ಸವಾರಿಯಲ್ಲಿ ಬಿಟ್ಟುಕೊಂಡಿದೆ.

ಅಮರೇಶ್ ಬೆರಳಿಟ್ಟು ಓದಿದ. "ಒರಿಜಿನಲ್ ಅಂತ ಬರದ್ರಲ್ಲ, ಸಾಕಿತ್ತು. ಕಡೀ ಸಾಲು ಯಾಕ್ರಿ ಆಚಾರ್ರೇ? ಪುಣೇದವ್ರು ಕೇಳೇ ಇಲ್ಲ."

"ಮನ್ಯಾಗ ಕೇಳಬೇಕಾದವ್ರೂ ಕೇಳ್ಲಿಲ್ಲ ಅಮರೇಶಾ. ಅದಕ್ಕ ಬರದೀನಿ."

ಚೆಸ್ಸಿಯನ್ನು ಆಟೋಕ್ಕೆ ಏರಿಸುವಾಗ ಅಮರೇಶ್ ಬೇಡವೆಂದರೂ ಕೇಳದೆ ಆಚಾರ್ರು ಬಲಗಡೆ ಹಿಡಿದರು. ಭಾರ ಹೆಚ್ಚೇನಿರಲಿಲ್ಲ. ಆದರೂ ನಾಲ್ಕು ಹೆಜ್ಜೆಗೇ ತಮ್ಮ ಬದಿ ಕೆಳಗಿಳಿಸಿ, ಮನೆಕಟ್ಟೆಯ ಮೇಲೆ ಕೂತುಬಿಟ್ಟರು.