ಮೊದಲು ಬಂದವನಿಗೆ ಮೊದಲ ಜೆರ್ಸಿ

ಪುಚೊಂಗ್‌ನ ನಮ್ಮ ಫುಟ್‌ಬಾಲ್ ಕ್ಲಬ್ಬು ಸತ್ತಿತು. ಕಟ್ಟಕಡೆಯ ಡಿವಿಜನ್ನಿನಲ್ಲಿ ಒದ್ದಾಡುತ್ತಿದ್ದ ತಂಡಕ್ಕೆ ಸಾವು ಅನ್ನುವ ದೊಡ್ಡ ಮಾತೇಕೆ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಕೇಳಲಿ. ನಾನು ಕೋಲಾರದ ಚಿನ್ನದ ಗಣಿಯ ಊರಲ್ಲಿ ಬೆಳೆದವನು. ಗಣಿ ಮುಚ್ಚಿದ ಮೇಲೂ ಭಾನುವಾರ ಚೆಂಡು ಒದೆಯುವುದನ್ನು ಬಿಡದ ಊರು ಅದು. ಮಲೇಷ್ಯಾಕ್ಕೆ ಬಂದು, ಆಫೀಸು, ರೈಲು, ಫ್ಲ್ಯಾಟು ಅಂತ ಗಾಣದೆತ್ತಿನ ಹಾಗೆ ಸುತ್ತಿ ತಲೆಕೆಟ್ಟ ಹೊತ್ತಿಗೆ ಸಿಕ್ಕಿದ್ದು ಈ ಕ್ಲಬ್ಬು. ಈ ದೇಶದಲ್ಲಿ ನೀನು ಯಾರು, ಏನು ಎಂದು ಕೇಳದೆ ನನ್ನನ್ನು ಒಳಗೆ ಬಿಟ್ಟುಕೊಂಡ ಜಾಗ ಅದೊಂದೇ.

ಕ್ಲಬ್ಬಿನ ಕಥೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಎಲ್ಲರೂ ಒಪ್ಪುವುದು ಇಷ್ಟು. ಇಲ್ಲೆಲ್ಲ ರಬ್ಬರ್ ತೋಟವಿದ್ದ ಕಾಲದಲ್ಲಿ ಒಬ್ಬ ಇಂಗ್ಲಿಷ್ ದೊರೆ ಇದ್ದ. ಇಂಗ್ಲೆಂಡಿನ ಯಾವುದೋ ಸಣ್ಣ ಪೇಟೆಯವನು. ಅಲ್ಲಿನ ಕ್ಲಬ್ಬೂ ಸಣ್ಣದೇ ಅಂತೆ, ಮಾಂಸದಂಗಡಿಯವನು, ಅಂಚೆಯವನು, ಸ್ಕೂಲ್ ಮೇಷ್ಟ್ರು ಕೂಡಿಕೊಂಡು ಆಡುವಂಥದ್ದು. ಊರಿನ ನೆನಪು ತಡೆಯಲಾರದೆ ಅದೇ ಹಳದಿ ಕಪ್ಪು ಪಟ್ಟೆಯ ಜೆರ್ಸಿಗಳನ್ನು ತರಿಸಿ ತೋಟದ ತಮಿಳು ಆಳುಗಳಿಗೆ ಹಂಚಿದನಂತೆ. ಆಮೇಲೆ ದೊರೆ ಹೋದ. ರಬ್ಬರ್ ಹೋಗಿ ತಾಳೆ ಬಂತು, ತಾಳೆಯೂ ಹೋಗಿ ಕಾಂಡೋಗಳು ಎದ್ದವು. ಪಟ್ಟೆ ಉಳಿಯಿತು, ರೈಲಿನ ಕಂಬಗಳ ಪಕ್ಕ ಒಂದು ಮೈದಾನ ಉಳಿಯಿತು.

ಇನ್ನೊಂದು ಪದ್ಧತಿಯೂ ಉಳಿದಿತ್ತು. ನಮ್ಮಲ್ಲಿ ತಂಡವನ್ನು ಯಾರೂ ಆರಿಸುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಮಳೆಮರದ ಕೆಳಗೆ ಒಂದು ಹಗ್ಗ ಕಟ್ಟಿ ಹನ್ನೊಂದು ಜೆರ್ಸಿ ನೇತುಹಾಕುವುದು. ಮೊದಲು ಬಂದವನು ಮೊದಲನೆಯದನ್ನು ಹಾಕಿಕೊಳ್ಳುವುದು. ಹಗ್ಗ ಖಾಲಿಯಾದ ಮೇಲೆ ಬಂದವರು ಕೂತು ನೋಡಬೇಕು, ಅರ್ಧ ಆಟ ಮುಗಿದಾಗ ಯಾರಾದರೂ ಬಿಚ್ಚಿಕೊಟ್ಟ ಬೆವರು ಜೆರ್ಸಿ ತೊಟ್ಟು ಇಳಿಯಬೇಕು. ತೋಟದ ಕಾಲದಲ್ಲಿ ರಬ್ಬರ್ ಹಾಲು ಇಳಿಸಿ ಯಾರು ಬೇಗ ಬರುತ್ತಾರೋ ಅವರು ಆಡುತ್ತಿದ್ದರು, ಅದೇ ನಡೆದುಕೊಂಡು ಬಂದಿತ್ತು. ಸೋಲುತ್ತಿದ್ದೆವು, ಧಾರಾಳವಾಗಿ ಸೋಲುತ್ತಿದ್ದೆವು. ಸೋತು ಎಲ್ಲರೂ ತಮಿಳು ಮುಸ್ಲಿಮರ ಮಾಮಾಕ್ ಹೋಟೆಲಿಗೆ ಹೋಗಿ ರೊಟ್ಟಿ ತಿಂದು, ಚಹಾ ಕುಡಿದು, ರೆಫ್ರಿಗೆ ಬೈದು ಮನೆಗೆ ಹೋಗುತ್ತಿದ್ದೆವು.

ಪ್ರತಿ ಭಾನುವಾರ ಮೊದಲು ಬರುತ್ತಿದ್ದವರು ಒಬ್ಬರೇ. ಲಾರಿ ಓಡಿಸುವ ಅಣ್ಣ. ಅಜ್ಜನ ಕಾಲದಿಂದ ಆ ಮನೆಯವರು ಈ ಪಟ್ಟೆ ತೊಟ್ಟವರು. ಮೈದಾನದ ಎದುರಿನ ಫ್ಲ್ಯಾಟಿನಲ್ಲೇ ಮನೆ. ಹಗ್ಗ ಕಟ್ಟುವುದೂ ಅವರೇ, ಮೊದಲ ಜೆರ್ಸಿ ತೊಟ್ಟು ಗೋಲಿನಲ್ಲಿ ನಿಲ್ಲುವುದೂ ಅವರೇ. ಹೊಟ್ಟೆ ಬಂದಿತ್ತು, ಬಗ್ಗಲು ಆಗುತ್ತಿರಲಿಲ್ಲ, ಚೆಂಡು ಕಾಲ ಸಂದಿಯಲ್ಲಿ ಹೋದರೆ ನಕ್ಕುಬಿಡುತ್ತಿದ್ದರು. ನನಗೆ ಮೈ ಉರಿದು ಬೈದರೆ, 'ಬಿಡು ತಮ್ಮಾ, ಅದೂ ಎಲ್ಲಾದ್ರೂ ಹೋಗ್ಬೇಕಲ್ಲ' ಅನ್ನುತ್ತಿದ್ದರು. ನಾವಿಬ್ಬರೂ ಮಾತಾಡುತ್ತಿದ್ದದ್ದು ತಮಿಳು, ನೆನಪಾಗುವುದು ಮಾತ್ರ ಕನ್ನಡದಲ್ಲಿ.

ಆಮೇಲೆ ನಮ್ಮವನೊಬ್ಬ ಬಂದ. ಮೈಸೂರಿನವನು, ಬಾಂಗ್ಸಾರ್‌ನ ಕಂಪನಿಯೊಂದರಲ್ಲಿ ಮ್ಯಾನೇಜರು. ಒಳ್ಳೆಯವನೇ, ಆಟವೂ ಬರುತ್ತಿತ್ತು. ಹಗ್ಗ ನೋಡಿದ ಮೊದಲ ದಿನವೇ ಹೇಳಿದ, 'ಇದ್ಯಾವ ಸೀಮೆ ಸೆಲೆಕ್ಷನ್ ಗುರು? ಬಸ್ ಸೀಟಿಗೆ ಟವೆಲ್ ಹಾಕ್ದಂಗೆ.'

'ಹಾಗೇ ನಡ್ಕೊಂಡು ಬಂದಿದೆ' ಅಂದೆ.

'ಅದಕ್ಕೇ ಸೋಲ್ತಿದೀರಾ.'

ಮಾತು ಸುಳ್ಳಲ್ಲ. ಇನ್ನು ಆಟ ನೋಡಿ ತಂಡ ಆರಿಸೋಣ ಎಂದು ಅವನು ಮೀಟಿಂಗಿನಲ್ಲಿ ಹೇಳಿದಾಗ ನಾನು ಕೂಗಾಡಿದೆ, ಬೇಡ ಅಂದೆ. ಹುಡುಗರೆಲ್ಲ ಕೈ ಎತ್ತಿದ್ದು ಅವನ ಕಡೆಗೆ. ಗೆಲ್ಲಬೇಕು ಅಂತ ಯಾರಿಗೆ ಆಸೆ ಇರುವುದಿಲ್ಲ. ಅಂದಿನಿಂದ ಶನಿವಾರ ಸಂಜೆ ವಾಟ್ಸಾಪ್ ಗ್ರೂಪಿಗೆ ಅವನು ಆರಿಸಿದ ಹನ್ನೊಂದು ಹೆಸರು ಬೀಳತೊಡಗಿತು. ಅಣ್ಣನ ಹೆಸರು ಇರಲಿಲ್ಲ. ಆದರೂ ಮಾರನೆಯ ಬೆಳಿಗ್ಗೆ ಎಂದಿನಂತೆ ಬಂದು ಹಗ್ಗ ಕಟ್ಟಿದರು. ಹೊಸ ಗೋಲ್‌ಕೀಪರ್ ಬಂದಾಗ ಮೊದಲ ಜೆರ್ಸಿಯನ್ನು ತಾವೇ ತೆಗೆದು ಅವನ ಕೈಗಿತ್ತು ಕೂತರು. ಮುಂದಿನ ಭಾನುವಾರದಿಂದ ಬರಲಿಲ್ಲ.

ಗೆದ್ದೆವು. ಸುಳ್ಳು ಯಾಕೆ ಹೇಳಲಿ, ಖುಷಿಯೂ ಆಯಿತು. ಹೆಸರಿಲ್ಲದವರು ಒಬ್ಬೊಬ್ಬರಾಗಿ ಬರುವುದು ಬಿಟ್ಟದ್ದು ಆ ಖುಷಿಯಲ್ಲಿ ತಿಳಿಯಲಿಲ್ಲ. ಹೆಸರಿದ್ದವರನ್ನು ದೊಡ್ಡ ಕ್ಲಬ್ಬುಗಳು ಕರೆದವು, ಹೋದರು. ಹೋಗದೇ ಇನ್ನೇನು, ಅವರಿಗೆ ನಮ್ಮ ದೊರೆಯ ಪಟ್ಟೆಯ ಹಂಗೇನಿತ್ತು. ಆಟಗಾರರು ಸಾಲದೆ ಎರಡು ಮ್ಯಾಚು ಬಿಟ್ಟುಕೊಟ್ಟೆವು. ಮೂರನೆಯದನ್ನೂ ಬಿಟ್ಟರೆ ಲೀಗಿನಿಂದ ಹೊರಗೆ, ಲೀಗಿಲ್ಲದ ತಂಡಕ್ಕೆ ಮೈದಾನವೂ ಇಲ್ಲ ಎಂದು ಲೀಗಿನವರು ತಿಳಿಸಿದರು.

ಆ ಮೂರನೆಯ ಮ್ಯಾಚಿನ ಭಾನುವಾರ ನಾವು ಆರು ಜನ. ಆಟ ಶುರುವಾಗಲು ಏಳು ಜನವಾದರೂ ಬೇಕು. ಎದುರು ತಂಡ ಮೈ ಬಿಸಿ ಮಾಡಿಕೊಳ್ಳುತ್ತಿತ್ತು, ರೆಫ್ರಿ ಗಡಿಯಾರ ನೋಡುತ್ತಿದ್ದ. ಮೈಸೂರಿನವನು ಗ್ರೂಪಿಗೆ ಮೆಸೇಜಿನ ಮೇಲೆ ಮೆಸೇಜು ಹಾಕಿದ. ಓದಿದ ಗುರುತು ನೀಲಿಯಾಗಿ ಬರುತ್ತಿತ್ತು, ಉತ್ತರ ಬರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

'ಗುರು, ಆ ಲಾರಿಯವ್ರನ್ನ ಕೇಳು. ನೀನು ಹೇಳಿದ್ರೆ ಬರ್ತಾರೆ' ಅಂದ. ಬೈಯಬೇಕೆಂದು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು ಓಡಿದೆ.

ಬೂಟಿನಲ್ಲೇ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೇ ಇತ್ತು. ಅಣ್ಣ ಲುಂಗಿ ಉಟ್ಟು ನೆಲದ ಮೇಲೆ ಕೂತು ಹೋಟೆಲಿನಿಂದ ಕಟ್ಟಿಸಿ ತಂದ ರೊಟ್ಟಿಯ ಪೊಟ್ಟಣ ಬಿಚ್ಚುತ್ತಿದ್ದರು. ಮೈದಾನದ ಕಡೆಯ ಕಿಟಕಿಗೆ ದಪ್ಪ ಪರದೆ ಎಳೆದಿತ್ತು.

'ಅಣ್ಣಾ, ಒಬ್ಬರು ಕಡಿಮೆ. ಸುಮ್ನೆ ಬಂದು ನಿಂತ್ರೆ ಸಾಕು. ಇವತ್ತು ಆಡದಿದ್ರೆ ಕ್ಲಬ್ ಇರಲ್ಲ. ಕರೆಯೋಕೇ ಬಂದೆ.'

ಅವರಿಗೆ ಕೋಪ ಬರಲಿಲ್ಲ. ಬಂದಿದ್ದರೆ ಕಾಲು ಹಿಡಿಯುತ್ತಿದ್ದೆ, ಬೈಸಿಕೊಂಡು ಎಳೆದುಕೊಂಡು ಹೋಗುತ್ತಿದ್ದೆ.

'ನಾನು ಅಷ್ಟು ವರ್ಷ ಬಂದೆನಲ್ಲ ತಮ್ಮಾ, ಒಂದಿನ ಯಾರಾದ್ರೂ ಕರೆದಿದ್ರಾ?' ಅಂದರು. 'ಕರೆಯೋ ಜಾಗ ಅಲ್ಲ ಅದು ಅಂತಲೇ ಬರ್ತಿದ್ದೆ. ಈಗ ಕರೀತಿದೀರಿ. ಕರೆದವರು ನಾಳೆ ಬೇಡ ಅಂತಾರೆ.'

ಅವರು ಇನ್ನೊಂದು ತಟ್ಟೆ ಎಳೆದು ಅರ್ಧ ರೊಟ್ಟಿ ಹಾಕಿ, 'ಕೂತ್ಕೋ, ತಿನ್ನು' ಅಂದರು.

ಕೆಳಗಿನಿಂದ ರೆಫ್ರಿಯ ಸೀಟಿ ಕೇಳಿಸಿತು. ಉದ್ದಕ್ಕೆ, ಒಂದೇ ಸಲ, ಮೂರನೆಯ ಮ್ಯಾಚೂ ಹೋಯಿತು ಅನ್ನುವ ಹಾಗೆ. ಅಣ್ಣನ ಕೈ ತಟ್ಟೆಯ ಮೇಲೆ ನಿಂತಿತು. ನನಗಿಂತ ಮೊದಲು ಅತ್ತವರು ಅವರೇ.