ಹಾಸು ಒಂದು, ಕೈ ಒಂದು

ನನ್ನ ಅಪ್ಪ ಗದ್ವಾಲದಲ್ಲಿ ಸೀರೆ ನೇಯುತ್ತಿದ್ದ. ಬೆಳಿಗ್ಗೆ ಮಗ್ಗದ ತಗ್ಗಿನೊಳಗೆ ಕಾಲು ಇಳಿಬಿಟ್ಟು ಕೂತನೆಂದರೆ ಊಟದ ಹೊತ್ತಿನವರೆಗೆ ನಮಗೆ ಕಾಣುತ್ತಿದ್ದುದು ಸೊಂಟದ ಮೇಲಿನ ಅಪ್ಪ ಮಾತ್ರ. ಹತ್ತು ವರ್ಷದವನಿದ್ದಾಗಲೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ: ಭಿಕ್ಷೆ ಬೇಡಿದರೂ ಸರಿ, ಆ ತಗ್ಗಿನಲ್ಲಿ ಕೂರುವವನಲ್ಲ. ಅದಕ್ಕೇ ಊರಿನ ಕೈಕಸುಬಿನ ಶಾಲೆ ಸೇರಿದೆ. ನೇಯುವವನು ಕೂತಿರುತ್ತಾನೆ, ನೇಯುವುದನ್ನು ಕಲಿಸುವವನು ನಿಂತಿರುತ್ತಾನೆ, ದಣಿದರೆ ಅವನಿಗೊಂದು ಕುರ್ಚಿಯೂ ಇರುತ್ತದೆ. ನನ್ನ ಆಸೆ ಅಷ್ಟೇ ಇತ್ತು.

ಎರಡು ವರ್ಷದ ಓದು. ಅದರಲ್ಲಿ ಕಡೆಯ ಎರಡು ತಿಂಗಳು ಬೇರೆ ಊರಿನ ನೇಕಾರರ ಮನೆಯಲ್ಲಿದ್ದು ಕೆಲಸ ಕಲಿಯಬೇಕು, ಹೊರಡುವಾಗ ಆ ಮನೆಯ ಯಜಮಾನರಿಂದ ಶಾಲೆಯ ಕಾಗದಕ್ಕೆ ರುಜು ಹಾಕಿಸಿಕೊಂಡು ಬರಬೇಕು. ಆ ಕಾಗದವಿಲ್ಲದೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಆ ವರ್ಷ ನಮ್ಮ ಶಾಲೆಯಲ್ಲೇ ಸಹಾಯಕ ಮಾಸ್ತರನ ಜಾಗ ಒಂದು ಖಾಲಿ ಬಿದ್ದಿತ್ತು. ಪಾಸಾದರೆ ಅದು ನನಗೇ ಎಂದು ಹೆಡ್‌ಮಾಸ್ತರರು ಬಾಯಿಬಿಟ್ಟು ಹೇಳಿದ್ದರು. ತಪ್ಪಿದರೆ ಅಪ್ಪನ ಪಕ್ಕದಲ್ಲಿ ಎರಡನೆಯ ತಗ್ಗು ತೋಡಿ ತಯಾರಾಗಿತ್ತು.

ಹೆಡ್‌ಮಾಸ್ತರರು ಶೇರ್ವಾನಿ ತೊಡುವ, ನಮ್ಮ ಕನ್ನಡವನ್ನು ಉರ್ದುವಿನ ಗತ್ತಿನಲ್ಲಿ ಆಡುವ ಮನುಷ್ಯರು. ಕಳಿಸುವ ದಿನ ಕರೆದು, "ಹೋದಲ್ಲಿ ಮೆಹಮಾನ್ ಆಗಿ, ಬೀಗರಂಗ ಕುಂದರಬ್ಯಾಡ. ಕೆಲಸ ಕೊಡೂತನಕ ಕಾಯಬ್ಯಾಡ, ಕೇಳಿ ತಗೋ. ಒಂದು ದಿನಾನೂ ಖಾಲಿ ಹೋಗಬಾರದು," ಎಂದರು. ನಾನು ಆ ಮಾತನ್ನು ಗಂಟು ಕಟ್ಟಿಕೊಂಡು ಹರಿಗೋಲು ಹತ್ತಿದೆ. ಕೃಷ್ಣೆ ದಾಟಿ, ಮಕ್ತಲಿನವರೆಗೆ ಗಾಡಿ, ಅಲ್ಲಿಂದ ನಾರಾಯಣಪೇಟ. ಇದು ನಿಜಾಮರ ಸರಕಾರದ ಕಡೆಯ ಮಳೆಗಾಲ. ಕಡೆಯದೆಂದು ಆಗ ನಮಗೇನು ಗೊತ್ತು.

ನನ್ನನ್ನು ಹಾಕಿದ ಮನೆಯ ಯಜಮಾನರಿಗೆ ಅರವತ್ತರ ಮೇಲೆ. ನೀಟಾದ ಮನುಷ್ಯ, ಮಾತು ಕಡಿಮೆ. ಅವರ ಹೆಂಡತಿ, ನಾನು ಹೋದ ಮೂರನೆಯ ದಿನವೇ, ಮಗಳ ಬಾಣಂತನಕ್ಕೆಂದು ಮಕ್ತಲಿಗೆ ಹೊರಟರು. ಹೊರಡುವಾಗ ನನಗೆ ಹತ್ತು ಸಲ, "ಯಜಮಾನ್ರನ್ನ ನೋಡ್ಕೋಪಾ," ಎಂದರು. ಗಂಡನ ಮೇಲೆ ಈ ವಯಸ್ಸಿನಲ್ಲೂ ಎಷ್ಟು ಪ್ರೀತಿ ಎಂದು ನಾನು ಒಳಗೊಳಗೇ ನಕ್ಕೆ.

ನಾರಾಯಣಪೇಟದಲ್ಲಿ ಒಂದೇ ಸೀರೆಗೆಂದು ಹಾಸು ಹೂಡುವುದಿಲ್ಲ. ಎಂಟು ಸೀರೆಗೆ ಸಾಲುವ ಉದ್ದೆಳೆಗಳ ಹಾಸನ್ನು ಒಮ್ಮೆಲೇ ಮಗ್ಗಕ್ಕೆ ಏರಿಸುತ್ತಾರೆ. ಹೊಸ ಹಾಸು ಏರಿದ ದಿನ ಯಜಮಾನರು ಲಾಳಿಯನ್ನು ನನ್ನ ಕೈಗೆ ಕೊಟ್ಟು, "ಗದ್ವಾಲದಾಂವ ಅಂದ್ರ ಸುಮ್ಮನ ಏನು? ನಾಕು ಸಲ ಒಗಿ, ನೋಡೂಣು," ಎಂದರು. ಕೇಳಿ ತಗೋ ಎಂದಿದ್ದರಲ್ಲ ಹೆಡ್‌ಮಾಸ್ತರರು, ಇಲ್ಲಿ ಕೇಳುವ ಮೊದಲೇ ಸಿಕ್ಕಿತ್ತು. ತಗ್ಗಿಗಿಳಿದು ಎಸೆದೆ. ನಾನು ನೇಯ್ದ ಬಟ್ಟೆಯ ಮೇಲೆ ಯಜಮಾನರು ಬೆರಳಾಡಿಸಿ, "ಕೈ ಚಲೋ ಐತಿ," ಎಂದರು. ಉಬ್ಬಿಹೋದೆ. ಸಂಜೆಯವರೆಗೆ ನೇಯ್ದೆ.

ಮರುದಿನ ಬೇರೇನಾದರೂ ಕಲಿಯೋಣ, ಬಣ್ಣ ಹಾಕುವುದು ತೋರಿಸಿ ಎಂದೆ. ಯಜಮಾನರು ತಗ್ಗಿನ ಕಡೆ ಕೈ ತೋರಿಸಿದರು.

"ಹಾಸು ಒಂದಾದ್ರ ಕೈ ಒಂದು. ಮೊದಲ ಲಾಳಿ ಯಾರು ಒಗಿತಾರ, ಕಡೀ ಸೀರಿ ಅವರ ಕೊಯ್ದು ಇಳಸಬೇಕು. ಒಬ್ಬೊಬ್ಬರ ಎಳಿ ಬಿಗಿಯೂ ಹೊಡತ ಒಂದೊಂದು ಥರ ಇರ್ತೈತಿ. ಎರಡು ಕೈ ಬಿದ್ದ ಹಾಸು ಸಾವಕಾರ ಮುಟ್ಟಂಗಿಲ್ಲ."

"ಎಂಟೂ ಸೀರಿ ನಾನ ಏನ್ರಿ?"

"ಮತ್ತ? ಒಗದಾಂವ ನೀನ ಅಲ್ಲೇನು?"

ಒಂದು ಸೀರೆಗೆ ವಾರದ ಮೇಲಾಗುತ್ತಿತ್ತು. ಎಂಟು ಸೀರೆಯೆಂದರೆ ನನ್ನ ಎರಡು ತಿಂಗಳು ಪೂರಾ ಹೋಗಿ ಇನ್ನೂ ನಾಲ್ಕು ದಿನ ಬೀಳುತ್ತಿತ್ತು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡೆ ಎಂದು ಹಣೆ ಚಚ್ಚಿಕೊಂಡೆ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಅಂದಂತೆ, ಗದ್ವಾಲದಲ್ಲಿ ಬಿಟ್ಟು ಬಂದಿದ್ದ ತಗ್ಗು ನಾರಾಯಣಪೇಟದಲ್ಲಿ ನನಗಾಗಿ ಬಾಯಿ ತೆರೆದು ಕೂತಿತ್ತು. ಬೆಳಿಗ್ಗೆ ಇಳಿಯಬೇಕು, ಕಾಲು ಜೋಮು ಹಿಡಿಯಬೇಕು, ಸೀರೆಯ ಚೌಕಡಿಗೆ ಚೌಕಡಿ ಎಣಿಸಬೇಕು. ನನಗೆ ಯಜಮಾನರ ಮೇಲೆ ಸಿಟ್ಟು, ಹೊಗಳಿಕೆಗೆ ಬಾಯಿ ಬಿಟ್ಟ ನನ್ನ ಮೇಲೆ ಅದರ ಇಮ್ಮಡಿ ಸಿಟ್ಟು. ಹದಿನೈದು ದಿನಕ್ಕೊಮ್ಮೆ ನೂಲು ಕೊಟ್ಟ ಸಾವಕಾರ ಬರುತ್ತಿದ್ದ. ತೆಳ್ಳನೆಯ, ಮೆತ್ತಗೆ ಮಾತಾಡುವ ಮನುಷ್ಯ. ಯಜಮಾನರು ಬಾಗಿಲಲ್ಲೇ ನಿಂತು ಮಳೆಬೆಳೆ ಮಾತಾಡಿ, ಮುಗಿದ ಸೀರೆ ಮಡಿಸಿ ಕೊಟ್ಟು ಕಳಿಸಿಬಿಡುತ್ತಿದ್ದರು. ಒಳಗೆ ಬನ್ನಿ ಎಂದು ಒಮ್ಮೆಯೂ ಕರೆಯಲಿಲ್ಲ.

ನಾಲ್ಕನೆಯ ಸೀರೆ ಮಗ್ಗದ ಮೇಲಿದ್ದಾಗ ಪೊಲೀಸ್ ಆಕ್ಷನ್ ಆಯಿತು. ದಿಲ್ಲಿ ಸರಕಾರದ ದಂಡು ಬರುತ್ತದೆ, ಬಂತು, ಎಲ್ಲಿಯವರೆಗೆ ಬಂತೋ ಯಾರಿಗೂ ತಿಳಿಯದು. ಓಣಿಯ ಬಾಗಿಲು ಕಿಟಕಿಗಳೆಲ್ಲ ಮುಚ್ಚಿದವು. ಸಪ್ಪಳ ಆಗಬಾರದೆಂದು ಮಗ್ಗಗಳೂ ನಿಂತವು. ಮಕ್ತಲಿನ ದಾರಿ ನಿಂತಿತ್ತು, ಕೃಷ್ಣೆ ತುಂಬಿ ಹರಿಗೋಲೂ ನಿಂತಿತ್ತು. ನೇಯುವಂತಿಲ್ಲ, ಹೋಗುವಂತಿಲ್ಲ. ಆ ಮನೆಯೊಳಗೆ ಹಗಲು ಹನ್ನೆರಡಕ್ಕೂ ನನ್ನ ಕೈ ನನಗೆ ಕಾಣದಷ್ಟು ಕತ್ತಲೆ. "ಹೈದರಾಬಾದಿನಾಗ ಯಾರು ಕುಂತ್ರೂ ನಮ್ಮದೇನು ತಗ್ಗಿನಾಗ ಕುಂದರೂದು ತಪ್ಪತೈತೇನು," ಎಂದರು ಯಜಮಾನರು. ನನಗೆ ನಗು ಬರಲಿಲ್ಲ, ಅಳು ಬಂತು.

ಆ ಕತ್ತಲೆಯಲ್ಲೇ ನಾನು ಕಂಡದ್ದು. ನಾನು ಕಂಬಕ್ಕೆ ಡಿಕ್ಕಿ ಹೊಡೆಯುತ್ತ, ಕೊಡ ಉರುಳಿಸುತ್ತ ತಿರುಗುತ್ತಿದ್ದೆ. ಯಜಮಾನರು ಮಾತ್ರ ಸಲೀಸಾಗಿ ಓಡಾಡುತ್ತಿದ್ದರು. ಒಲೆ ಹೊತ್ತಿಸಿದರು, ರೊಟ್ಟಿ ತಟ್ಟಿದರು, ಹಾಸಿನಲ್ಲಿ ಹರಿದಿದ್ದ ಒಂದು ಎಳೆಯನ್ನು ಹುಡುಕಿ ಗಂಟು ಹಾಕಿದರು. ಮಟಮಟ ಮಧ್ಯಾಹ್ನವೂ ಈ ಕತ್ತಲೆಯೂ ಅವರಿಗೆ ಒಂದೇ ಎಂದು ಆಗ ನನಗೆ ಹೊಳೆಯಿತು.

"ಯಜಮಾನ್ರ, ನಿಮಗ ಕಣ್ಣು..." ಎಂದೆ.

ಅವರು ಹಾಸಿನ ಮೇಲಿಂದ ಕೈ ತೆಗೆದರು. "ಎರಡು ವರ್ಷ ಆತು, ಮಬ್ಬು ಮಬ್ಬು. ಈಗ ಅದೂ ಇಲ್ಲ. ದಾರ ಬೆರಳಿಗೆ ತಿಳಿತೈತಿ, ಬಣ್ಣ ತಿಳಿಯಂಗಿಲ್ಲ. ಮನಿಯಾಕಿ ಮಗ್ಗಲಕ ಕುಂತು ಕೆಂಪು, ಹಸರು ಅಂತ ಹೇಳ್ತಿದ್ಲು, ನಾ ನೇಯ್ತಿದ್ದೆ. ಆಕಿ ಹೋಗಬೇಕಾತು, ಅದಕ್ಕ ನಿನ್ನ ಕೈಯಾಗ ಲಾಳಿ ಕೊಟ್ಟೆ. ಸಾವಕಾರಗ ಗೊತ್ತಾದ್ರ ನೂಲು ಕೊಡೂದು ಬಿಡ್ತಾನ. ಬಾಜು ಮನಿಯಾಂವಗ ಒಬ್ಬಗ ಗೊತ್ತೈತಿ, ನಲವತ್ತು ವರ್ಷದ ಗೆಳೆಯ ಅಂವ. ಈಗ ನಿನಗ."

ಯಾರಿಗೂ ಹೇಳುವುದಿಲ್ಲ ಎಂದೆ. ಹೇಳುವಾಗ ಮನಸ್ಸಿನಿಂದಲೇ ಹೇಳಿದೆ.

ದಾರಿ ತೆರೆದ ಮೇಲೆ ಮೊದಲು ಅವರ ಹೆಂಡತಿ ಬಂದರು, ಆಮೇಲೆ ಶಾಲೆಯ ಪತ್ರ ಬಂತು. ಸರಕಾರ ಬದಲಾಗಿದೆ, ಶಾಲೆ ನಿಂತಿಲ್ಲ, ಇಂದಿಗೆ ಎಂಟನೆಯ ದಿನ ಪರೀಕ್ಷೆ, ರುಜುವಾದ ಕಾಗದದೊಂದಿಗೆ ಹಾಜರಾಗತಕ್ಕದ್ದು. ಮಗ್ಗದ ಮೇಲೆ ಆರನೆಯ ಸೀರೆಯಿತ್ತು, ಅದೂ ಅರ್ಧ. ಪತ್ರ ಓದಿ ಹೇಳಿ ತಲೆ ತಗ್ಗಿಸಿ ನಿಂತೆ. ಅತ್ತರೂ ಸರಿ, ಕಾಲು ಹಿಡಿದರೂ ಸರಿ ಎಂದು ಲೆಕ್ಕ ಹಾಕಿಕೊಂಡಿದ್ದೆ. ಯಾವುದೂ ಬೇಕಾಗಲಿಲ್ಲ.

"ಹೋಗು," ಎಂದರು. "ಉಳಿದದ್ದು ನಾವು ಹೆಂಗರ ಮಾಡ್ತೀವಿ. ನಿನ್ನ ಹೊಡತ ನನ್ನ ಬೆರಳಿಗೆ ಗೊತ್ತೈತಿ, ಹಂಗ ಹೊಡಿತೀನಿ. ಕಾಗದ ತಾ."

ಹೆಬ್ಬೆಟ್ಟು ಒತ್ತಿಸಿಕೊಳ್ಳಬಹುದಿತ್ತು. ಆದರೆ ಹೆಸರು ಬರೆಯಬಲ್ಲ ಮನುಷ್ಯನಿಗೆ ಹೆಬ್ಬೆಟ್ಟು ಒತ್ತಿ ಎನ್ನಲು ನಾಲಿಗೆ ಏಳಲಿಲ್ಲ. ಹೆಂಡತಿ ಕೈ ಹಿಡಿದು ಜಾಗ ತೋರಿಸಲು ಹೋದರೆ ಅವರ ಕೈಯನ್ನು ಸರಿಸಿದರು. ರುಜು ಬಲಗಡೆ ಕೆಳಗೆ ಸರಿಯಾಗಿಯೇ ಶುರುವಾಯಿತು, ಆಮೇಲೆ ಮೇಲೇರಿ, ಅಚ್ಚಿನ ಉರ್ದು ಸಾಲುಗಳನ್ನು ದಾಟಿ, ನನ್ನ ಹೆಸರಿನ ಮೇಲೆ ಹೋಗಿ ನಿಂತಿತು. ನನ್ನ ಹತ್ತಿರ ಬೇರೆ ಕಾಗದವಿರಲಿಲ್ಲ.

ಪರೀಕ್ಷೆಗೆ ಹೊರಗಿನ ಒಬ್ಬ ತಿಳಿದವರನ್ನು ಕರೆಸುವುದು ಶಾಲೆಯ ಪದ್ಧತಿ. ಬಟ್ಟೆ ನೋಡಿ ಗುಣ ಹೇಳುವುದು ಅವರ ಕೆಲಸ. ಕೋಣೆಯೊಳಗೆ ಕಾಲಿಟ್ಟಾಗ ಹೆಡ್‌ಮಾಸ್ತರರ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ನಾರಾಯಣಪೇಟದ ಅದೇ ಸಾವಕಾರರು. ನನ್ನನ್ನು ನೋಡಿ ಗುರುತಿನ ನಗೆ ನಕ್ಕರು.

ಹೆಡ್‌ಮಾಸ್ತರರು ಕಾಗದ ಹಿಡಿದು ಹುಬ್ಬು ಗಂಟಿಕ್ಕಿದರು. "ಇದು ಯಾರ ದಸ್ತಖತ್ತು? ಮೂರು ವರ್ಷದ ಹಿಂದ ಇದ ಮನಿಗೆ ಒಬ್ಬಾಂವ ಹೋಗಿದ್ದ, ಆ ಕಾಗದದಾಗ ಮುತ್ತು ಪೋಣಿಸಿದಂಗ ಬರದಾರ. ಇದು ನೀನ ಗೀಚಿಕೊಂಡು ಬಂದೀಯೇನು?"

"ಇಲ್ರಿ ಸಾಹೇಬ."

"ಹಂಗಾದ್ರ ಹೋಗು, ಇನ್ನೊಮ್ಮೆ ಹಾಕಿಸಿಕೊಂಡು ಬಾ."

ಹೋಗಿ ಬರಲು ನಾಲ್ಕು ದಿನ. ಪರೀಕ್ಷೆ ಅವತ್ತು. ಗಾಡಿಯ ಕುಲುಕಾಟದಲ್ಲಿ ಹಾಕಿದರು ಎನ್ನಬಹುದಿತ್ತು, ಕೈಗೆ ಪೆಟ್ಟಾಗಿತ್ತು ಎನ್ನಬಹುದಿತ್ತು. ಇಂಥ ಐವತ್ತು ಉತ್ತರಗಳನ್ನು ನಾನು ಈ ಜನ್ಮವಿಡೀ ಕಟ್ಟಿದ್ದೇನೆ. ಅವತ್ತು ನನ್ನ ಕಣ್ಣ ಮುಂದಿದ್ದದ್ದು ಅಪ್ಪನ ಪಕ್ಕದ ತಗ್ಗು. ಆ ಕುರ್ಚಿಯಲ್ಲಿ ಯಾರು ಕೂತಿದ್ದಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

"ಅವರಿಗೆ ಕಣ್ಣು ಕಾಣಂಗಿಲ್ರಿ."

ಸಾವಕಾರರು ಕೈಯಲ್ಲಿದ್ದ ಬಟ್ಟೆ ಮಡಿಸಿಟ್ಟು, ಆರೋಗ್ಯ ವಿಚಾರಿಸುವವರಂತೆ, "ಎಷ್ಟು ದಿನ ಆತಪಾ?" ಎಂದರು. ಅದಕ್ಕೂ ಉತ್ತರ ಕೊಟ್ಟೆ. ಹೆಡ್‌ಮಾಸ್ತರರು ಕಾಗದ ಒಪ್ಪಿಕೊಂಡರು. ಪಾಸಾದೆ, ಮಾಸ್ತರನೂ ಆದೆ.

ಎರಡು ವರ್ಷದ ಮೇಲೆ ನನ್ನದೇ ಇಬ್ಬರು ವಿದ್ಯಾರ್ಥಿಗಳನ್ನು ನಾರಾಯಣಪೇಟದ ಬೇರೊಂದು ಮನೆಗೆ ಬಿಡಲು ಹೋದೆ. ಕೇಳಿ ತಗೊಳ್ಳಿ, ದಿನ ಖಾಲಿ ಬಿಡಬೇಡಿ ಎಂದು ಅವರಿಗೂ ಹೇಳಿದೆ. ಬಿಟ್ಟ ಮೇಲೆ ಕಾಲು ತಾನಾಗಿ ಆ ಓಣಿಗೆ ತಿರುಗಿತು. ಯಜಮಾನರು ಕಟ್ಟೆಯ ಮೇಲೆ ಕೂತಿದ್ದರು. ದನಿಯಿಂದಲೇ ಗುರುತು ಹಿಡಿದು, "ಮಾಸ್ತರ ಆದೆಂತ, ಕೇಳಿ ಭಾಳ ಖುಷಿ ಆತು," ಎಂದು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಒಳಗೆ ಮಗ್ಗ ಬರಿದಾಗಿತ್ತು. ಹೆಂಡತಿ ಬೇರೆಯವರ ನೂಲು ಸುತ್ತುತ್ತಿದ್ದರು.

"ಆ ಹಾಸು ಮುಗಿಸಿ ಕೊಟ್ಟದ್ದು ಕಡೀದು. ಆಮ್ಯಾಲ ಸಾವಕಾರ ನೂಲು ಕೊಡಲಿಲ್ಲ. ಯಾರೋ ಹೇಳ್ಯಾರ. ಯಾರೋ ಏನು, ಬಾಜು ಮನಿಯಾಂವನ ಹೇಳ್ಯಾನ, ಮತ್ತ್ಯಾರಿಗೆ ಗೊತ್ತಿತ್ತು? ನಲವತ್ತು ವರ್ಷದ ಗೆಳೆತನ. ಅವನ ಮಗಳ ಲಗ್ನಕ್ಕೂ ನಾ ಹೋಗಲಿಲ್ಲ." ನನ್ನ ಕೈ ಇನ್ನೂ ಅವರ ಕೈಯಲ್ಲೇ ಇತ್ತು. "ನೀ ಏನರ ಕೇಳಿದ್ದೇನು, ಗದ್ವಾಲದಾಗ?"

ನನ್ನ ಹೆಸರು ಅವರ ಮನಸ್ಸಿಗೆ ಬಂದೇ ಇರಲಿಲ್ಲ. "ಇಲ್ರಿ," ಎಂದೆ. ಚಹಾ ಕುಡಿದೆ.

ಓಣಿಗೆ ಇಳಿದಾಗ ಬಾಜು ಮನೆಯ ಮುದುಕ ಬಾಗಿಲಿಗೆ ಬಂದು ನಿಂತಿದ್ದ. ಸುತ್ತ ನೋಡಿ, ಸಣ್ಣ ದನಿಯಲ್ಲಿ ನನ್ನನ್ನು ಕರೆದ.

"ನಿನ್ನ ಮಾತು ಅಂವ ಕೇಳ್ತಾನ. ನಾ ಹೇಳಿಲ್ಲಂತ ಒಂದು ಮಾತು ಹೇಳಪಾ ಮಾಸ್ತರ."

"ಹೇಳ್ತೀನ್ರಿ," ಎಂದೆ. ಹಾಗೆಂದವನು ಮಕ್ತಲಿನ ಬಸ್ಸು ಹತ್ತಿದೆ.