ಸಣ್ಣ ಮೀನು ವಾಪಸ್ ಬಿಟ್ಟವಳು ನಾನೇ

ತಮ್ಮ ನನಗೆ ವಹಿಸಿದ್ದು ಒಂದೇ ಕೆಲಸ. ಅದನ್ನು ನಾನು ಮಾಡಲಿಲ್ಲ. ಮಾಡುತ್ತಿದ್ದೇನೆ ಎಂದು ಸುಳ್ಳು ಹೇಳಿದೆ. ಆ ಸುಳ್ಳಿಗೆ ಬೇರೊಬ್ಬಳು ಮಾತು ಕೇಳಬೇಕಾಗಿ ಬಂದಾಗ ಬಾಯಿ ಮುಚ್ಚಿಕೊಂಡಿದ್ದೆ.

ಅಮೆರಿಕದ ಟೆಕ್ಸಸ್‌ನಲ್ಲಿ, ಕೇಟಿ ಎಂಬ ಊರಿನ ಆಚೆ ತಮ್ಮನದೊಂದು ಜಾಗವಿದೆ, ಅದರ ನಡುವೆ ಪುಟ್ಟ ಕೆರೆ. ನಾನು ಅವನ ಮನೆಯಲ್ಲೇ ಇರುತ್ತೇನೆ. ಓದಿದ್ದು ಏಳನೇ ಕ್ಲಾಸು. ಗಾಳ ಹಾಕುವುದನ್ನು ಮಾತ್ರ ಅಪ್ಪನಿಂದ ಚೆನ್ನಾಗಿ ಕಲಿತಿದ್ದೆ. ಕೆರೆಯಲ್ಲಿ ಎರಡು ಜಾತಿಯ ಮೀನು. ಬ್ಲೂಗಿಲ್ ಸಣ್ಣದು, ಮೊಟ್ಟೆಯಿಟ್ಟು ಲೆಕ್ಕವಿಲ್ಲದಷ್ಟು ಹೆಚ್ಚುತ್ತದೆ. ಬಾಸ್ ದೊಡ್ಡದು, ಬ್ಲೂಗಿಲ್ ಮರಿಗಳನ್ನು ತಿಂದು ಬದುಕುತ್ತದೆ. ಬ್ಲೂಗಿಲ್ ವಿಪರೀತವಾಗಿ, ಮೇವು ಸಾಲದೆ, ಒಂದೂ ಬೆಳೆಯುತ್ತಿರಲಿಲ್ಲ.

"ಅಕ್ಕಾ, ಸಣ್ಣದು ಸಿಕ್ಕಿದ್ರೆ ಒಂದೂ ವಾಪಸ್ ಬಿಡ್ಬೇಡ. ಬಾಸ್ ಸಿಕ್ಕಿದ್ರೆ ಮಾತ್ರ ಬಿಟ್ಬಿಡು," ಎಂದಿದ್ದ ತಮ್ಮ. "ಆಗ ಉಳಿದವು ದಪ್ಪ ಆಗ್ತವೆ."

ನಾನು ತಲೆಯಾಡಿಸಿ ಉಲ್ಟಾ ಮಾಡಿದೆ. ಊರ ಕೆರೆಯಲ್ಲಿ ಅಪ್ಪ ಸಣ್ಣ ಮೀನನ್ನು ಬೊಗಸೆಯಲ್ಲಿ ಹಿಡಿದು ನೀರಿಗೆ ಬಿಡುತ್ತಿದ್ದ, ದೊಡ್ಡದನ್ನು ಮನೆಗೆ ತರುತ್ತಿದ್ದ. ಆ ಕೆರೆಗೆ ಅಪ್ಪ ಮಾಡಿದ್ದೇ ಸರಿ, ಇವತ್ತಿಗೂ ಹೇಳುತ್ತೇನೆ. ಈ ಕೆರೆ ಬೇರೆ ಎಂದು ಒಪ್ಪಿಕೊಳ್ಳಬಾರದೆಂದು ನನಗೆ ಹಠ. ಕಂಪ್ಯೂಟರ್ ನೋಡಿ ಮೀನು ಸಾಕುವವನು ನನಗೆ ಹೇಳಿಕೊಡುವುದೇ? ಬಾಸ್ ಸಿಕ್ಕರೆ ತಲೆ ತೆಗೆದು, ತುಂಡು ಮಾಡಿ, ಹುಣಸೆಹುಳಿ ಹಾಕಿ ಸಾರು ಮಾಡುತ್ತಿದ್ದೆ.

"ಯಾವ ಮೀನಕ್ಕಾ ಇದು?"

"ಅಂಗಡೀದು ಕಣೋ, ಸುಮ್ನೆ ತಿನ್ನು."

ಅವನು ಬೆರಳು ನೆಕ್ಕುತ್ತಿದ್ದ.

ಹ್ಯೂಸ್ಟನ್‌ನಲ್ಲಿ ಪಿಎಚ್‌ಡಿ ಓದುತ್ತಿದ್ದ ಹುಬ್ಬಳ್ಳಿಯ ಹುಡುಗಿಯೊಬ್ಬಳು ಶನಿವಾರ ಗಾಳ ಹಾಕಲು ಬರುತ್ತಿದ್ದಳು. ತಮ್ಮ ಅವಳಿಗೂ ಗೇಟಿನ ಕೀ ಕೊಟ್ಟಿದ್ದ. ನಾನು ಬ್ಲೂಗಿಲ್ ಬಿಡುವುದನ್ನು ಒಮ್ಮೆ ಕಂಡಳು.

"ಆಂಟಿ, ಸಣ್ಣವ್ನ ಬಿಡಬ್ಯಾಡ್ರಿ. ಅಂಕಲ್ ಬೈತಾರ್ರಿ."

"ನೀನು ಹೇಳದಿದ್ರೆ ಯಾಕೆ ಬೈತಾನೆ?"

ನಕ್ಕಳು. ಹೇಳಲೇ ಇಲ್ಲ.

ಎರಡನೇ ಬೇಸಿಗೆಯಲ್ಲಿ ತಮ್ಮ ಆಳು ಕರೆಸಿ ಬಲೆ ಎಳೆಸಿದ. ಬಲೆಯ ತುಂಬ ಬ್ಲೂಗಿಲ್. ತಲೆ ದೊಡ್ಡದು, ಕಣ್ಣು ದೊಡ್ಡದು, ಮೈ ಒಣಗಿದ ಎಲೆಯ ಹಾಗೆ. ಮರಿಗಳೆಂದುಕೊಂಡು ನಾನು ಉಳಿಸಿದ್ದವೆಲ್ಲ ವಯಸ್ಸಾದ ಮೀನುಗಳೇ, ಹೊಟ್ಟೆಗಿಲ್ಲದೆ ಹಾಗೇ ಉಳಿದಿವೆ ಎಂದ ಬಲೆಯವನು. ಬಾಸ್ ಬಂದದ್ದು ಒಂದೇ ಒಂದು.

"ಆ ಹುಡುಗೀನೇ ಹೊತ್ಕೊಂಡು ಹೋಗಿದಾಳೆ, ಕಳ್ಳಿ," ಎಂದ ತಮ್ಮ. ಫೋನ್ ಮಾಡಿ ಅದನ್ನೇ ಅವಳಿಗೂ ಹೇಳಿದ, ಕೀ ವಾಪಸ್ ಕೇಳಿದ. ಅವಳು ಬಂದು ಕೀ ಕೊಟ್ಟಳು. ನನ್ನ ಮುಖವನ್ನೊಮ್ಮೆ ನೋಡಿದಳು. ಆಗಲೂ ನನ್ನ ಹೆಸರು ಹೇಳಲಿಲ್ಲ. ನಾನು ಒಲೆಯ ಮುಂದೆ ಸೌಟು ಹಿಡಿದು ನಿಂತೇ ಇದ್ದೆ.

ಮೂರು ವಾರ ಗಾಳ ಮುಟ್ಟಲಿಲ್ಲ. ಕೊನೆಗೆ ಊಟಕ್ಕೆ ಕೂತಾಗ ತಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾನೆಂದು ಕಾದರೆ ಅವನು, "ಹೋಗ್ಲಿ ಬಿಡಕ್ಕ, ಓದಿದ್ರೆ ತಾನೇ ನಿಂಗೆ ಇದೆಲ್ಲ ಅರ್ಥ ಆಗೋದು," ಎಂದ.

ಮೈ ಉರಿಯಿತು. "ಅರ್ಥ ಆಗಿತ್ತು ಕಣೋ! ನೀನು ಕನ್ನಡದಲ್ಲೇ ಹೇಳಿದ್ದೆ. ಓದಿಲ್ಲ ಅಂತ ನನ್ನ ಮಾಫ್ ಮಾಡ್ಬೇಡ. ಏಳು, ಗಾಡಿ ತೆಗಿ."

ಹ್ಯೂಸ್ಟನ್‌ಗೆ ಹೋದೆವು. ಆ ಹುಡುಗಿ ಅಪಾರ್ಟ್‌ಮೆಂಟಿನ ಬಾಗಿಲು ತೆರೆದಾಗ ತಮ್ಮನೇ ಮೊದಲು ಶುರುಮಾಡಿದ, "ಸಾರಿಮ್ಮ, ಅಕ್ಕಂಗೆ ಪಾಪ ತಿಳೀದೆ..."

ಅವನನ್ನು ಪಕ್ಕಕ್ಕೆ ಸರಿಸಿದೆ.

"ತಿಳಿದೇ ಮಾಡ್ದೆ. ಬಾಸೆಲ್ಲ ಸಾರು ಮಾಡಿದ್ದು ನಾನು. ಇವನಿಗೆ ಸುಳ್ಳು ಹೇಳಿದ್ದು ನಾನು. ನಿನ್ನ ಕಳ್ಳಿ ಅಂದಾಗ ಸುಮ್ನಿದ್ದಿದ್ದೂ ನಾನೇ. ನನ್ನ ನೋಡಿ ಪಾಪ ಅನ್ನೋದು ಬೇಡ. ಬೈಬೇಕು ಅನ್ನಿಸಿದ್ರೆ ಬೈ. ತಪ್ಪಾಯ್ತು ಕಣಮ್ಮ, ಕ್ಷಮಿಸು."